ಸಾರುವವರ ಮನೆಯ ಸಾಫ್ಟ್‌ವೇರು

ಮಾತು ಬೆಳ್ಳಿ, ಮೈಕು ಬಂಗಾರ. ಗಾದೆ ಹೀಗಿಲ್ಲ, ಗೊತ್ತು. ಮೌನ ಬಂಗಾರ ಅಂದ ಮಹಾನುಭಾವರು ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಒಂದು ದಿನವೂ ಬಸ್ಸಿಗೆ ಕಾದವರಲ್ಲ. ಅಲ್ಲಿ ಮೌನವಾಗಿ ನಿಂತವರಿಗೆ ಬಂಗಾರ ಹಾಗಿರಲಿ, ಕಿಟಕಿ ಪಕ್ಕದ ಸೀಟೂ ಸಿಗುವುದಿಲ್ಲ. ಈಗ ಹೇಳುವುದು ನಡೆದ ಸಂಗತಿ. ಎಲ್ಲಾದರೂ ಒಂದು ಸುಳ್ಳು ನುಸುಳಿದ್ದರೆ ಅದನ್ನು ನಿಜ ಚೆನ್ನಾಗಿ ಕಾಣಲಿ ಅಂತ ಹಚ್ಚಿದ ಪೌಡರು ಎಂದುಕೊಳ್ಳಿ.

ಆ ಸ್ಟ್ಯಾಂಡಿನ ಸಂಚಾರ ನಿಯಂತ್ರಕ ದೇವರಾಜು. ಜನರ ಬಾಯಲ್ಲಿ ಟೀಸಿ. ಚಿಕ್ಕ ಕೋಣೆಯ ಕಿಟಕಿಯ ಹಿಂದೆ ಕೂತು ಮೈಕಿನಲ್ಲಿ "ಪ್ರಯಾಣಿಕರ ಗಮನಕ್ಕೆ" ಎಂದರೆ ನೆರಳಲ್ಲಿ ಮಲಗಿದ ನಾಯಿಯೂ ಟಿಕೆಟ್ ಹುಡುಕುವ ಹಾಗೆ ಎದ್ದು ಕೂರುತ್ತಿತ್ತು. ಅಂಥ ದನಿ. ಮನೆ ಮಾತ್ರ ಮಳವಳ್ಳಿಯಲ್ಲಲ್ಲ, ಮದ್ದೂರಿನ ಕಡೆಗೆ ಹೋಗುವ ರಸ್ತೆಯಿಂದ ಒಳಗಿರುವ ಊರಿನಲ್ಲಿ. ಮನೆಯಲ್ಲಿ ಎರಡು ಹಸು ಕಟ್ಟಿ ಡೈರಿಗೆ ಹಾಲು ಹಾಕುವ ಹೆಂಡತಿ ದೇವಿರಮ್ಮ, ಎಂಬತ್ತು ಮುಟ್ಟಿದ ಅಪ್ಪ ಕೆಂಪಸಿದ್ದಯ್ಯ, ಮದ್ದೂರಿನಲ್ಲಿ ಎರಡನೇ ಪಿಯುಸಿ ಓದುವ ಒಬ್ಬಳೇ ಮಗಳು ಪ್ರಿಯಾಂಕ.

ಈ ಪ್ರಿಯಾಂಕಳ ಗಂಟಲಲ್ಲಿ ಊರೆಲ್ಲ ಬಾಡಿಗೆಗಿತ್ತು. ಕಂಡಕ್ಟರು, ಕಾಲೇಜಿನ ಪ್ರಿನ್ಸಿಪಾಲರು, ನೀರೆತ್ತದೆ ಕೆಮ್ಮುವ ಪಂಪ್‌ಸೆಟ್ಟು, ಯಾರನ್ನು ಕೇಳಿದರೂ ಹೊರಗೆ ಬರುತ್ತಿದ್ದರು.

ಜಗಳ ಶುರುವಾದದ್ದು ಕಣ್ಣಿನಿಂದ. ಊರಿನ ಮೈಕ್ ಸೆಟ್ ಅಂಗಡಿಯ ಚಲುವರಾಜು ಒಂದು ಉಚಿತ ಕಣ್ಣಿನ ಶಿಬಿರದ ಪ್ರಚಾರ ಒಪ್ಪಿಕೊಂಡಿದ್ದ. ಕೂಗುವ ಆಳಿನ ಗಂಟಲು ಕಟ್ಟಿತ್ತು. ಪ್ರಿಯಾಂಕ, "ನಾನು ಮಾಡ್ಕೊಡ್ತೀನಿ ಬುಡಿ," ಅಂದಳು. ಸಿಇಟಿ ಓದಿಗೆಂದು ಅಪ್ಪ ಕೊಡಿಸಿದ್ದ ಲ್ಯಾಪ್‌ಟಾಪಿನಲ್ಲಿ ತನ್ನ ದನಿ ಹಿಡಿದು, ಒಂದು ಆಡಿಯೋ ಸಾಫ್ಟ್‌ವೇರಿಗೆ ಹಾಕಿ, ಫ್ಯಾನಿನ ಸದ್ದು, ಹಸುವಿನ ಅಂಬಾ ಎಲ್ಲ ಸೋಸಿ, ಹಿಂದೆ ಚೂರು ನಾಗಸ್ವರ ಸೇರಿಸಿ ಕೊಟ್ಟಳು.

ಸಾಫ್ಟ್‌ವೇರು ಒಂದು ತಿಂಗಳು ಬಿಟ್ಟಿ. ಬಿಟ್ಟಿ ಅಂದಮೇಲೆ ಅದಕ್ಕೂ ಒಂದು ಕಿತಾಪತಿ ಇತ್ತು. ಲ್ಯಾಪ್‌ಟಾಪಿನೊಳಗೆ ಕೇಳುವಾಗ ಎಲ್ಲ ಸರಿ. ಬೇರೆ ಕಡೆಗೆ ಇಳಿಸಿಕೊಂಡರೆ ಮಾತ್ರ ನಡುನಡುವೆ ಒಬ್ಬ ಇಂಗ್ಲಿಷ್ ಹೆಂಗಸು ಬಾಯಿ ಹಾಕಿ "ಟ್ರಯಲ್ ವರ್ಷನ್" ಅನ್ನುತ್ತಿದ್ದಳು. ಮನೆಯಲ್ಲಿ ತಲೆ ತಗ್ಗಿಸಿ, ಬೀದಿಗೆ ಬಂದಮೇಲೆ ಬಾಯಿ ಬಿಡುವ ಸೊಸೆಯ ಹಾಗೆ. ದುಡ್ಡು ಕೊಟ್ಟು ಕೊಂಡರೆ ಮಾತ್ರ ಅವಳು ಸುಮ್ಮನಾಗುವುದು. ಇದು ಪ್ರಿಯಾಂಕಳಿಗೆ ಗೊತ್ತಾದದ್ದು ಪ್ರಚಾರದ ಆಟೋ ಹೊರಟ ಮೇಲೆ.

"ಕಣ್ಣಿನ ಪೊರೆಗೆ ಉಚಿತ ಆಪರೇಷನ್... ಟ್ರಯಲ್ ವರ್ಷನ್... ಅನುಭವಿ ಡಾಕ್ಟರುಗಳಿಂದ... ಟ್ರಯಲ್ ವರ್ಷನ್..."

"ಟ್ರಯಲ್ ನೋಡಕ್ಕೆ ನಮ್ ಕಣ್ಣೇ ಸಿಕ್ತಾ ಇವರಿಗೆ?" ಅಂದರು ಅರಳಿಕಟ್ಟೆಯ ಮುದುಕರು. ಮೊದಲ ದಿನ ಶಿಬಿರಕ್ಕೆ ಡಾಕ್ಟರು ಮಾತ್ರ ಬಂದಿದ್ದರು.

ಆಟೋ ಮಳವಳ್ಳಿವರೆಗೂ ಹೋಯಿತು. ದೇವರಾಜು ಮಗಳ ದನಿ ಕೇಳಿದ ಕೂಡಲೇ ಗುರುತು ಹಿಡಿದ. ಅಷ್ಟಾಗಿದ್ದರೆ ಬೈದು ಬಿಡುತ್ತಿದ್ದನೇನೋ. ಆದರೆ ಬಸ್ಸಿಗೆ ಕಾಯುತ್ತಿದ್ದ ಊರಿನವನೊಬ್ಬ ಕಿಟಕಿಗೆ ಬಾಯಿಟ್ಟು ಮೆಲ್ಲಗೆ ಅಂದ: "ಕೂಸು ಸರ್ಯಾಗಿ ತಾತನ ಕಸುಬು ಹಿಡೀತು ಕಣಪ್ಪ. ರಕ್ತ ಎಲ್ಲೋಯ್ತದೆ?"

ತಾತ ಕೆಂಪಸಿದ್ದಯ್ಯ ಊರಿಗೆ ಸಾರುತ್ತಿದ್ದವನು. ನಾಲೆಗೆ ನೀರು ಬಿಟ್ಟರೆ, ಪಂಚಾಯ್ತಿ ಸೇರಿದರೆ, ಯಾರಾದರೂ ತೀರಿಕೊಂಡರೆ ತಮಟೆ ಬಡಿದುಕೊಂಡು ಬೀದಿ ಬೀದಿ ಕೂಗಿ ಹೇಳಬೇಕು. ಜಗಲಿ ಹತ್ತುವಂತಿಲ್ಲ. ಕೂಲಿ ಅಂತ ಇಲ್ಲ. ಸುಗ್ಗಿಯಲ್ಲಿ ಕೊಟ್ಟಷ್ಟು ರಾಗಿ, ಹಬ್ಬಕ್ಕೊಂದು ಪಂಚೆ. ಅವನ ಹಿಂದೆ ರಾಗಿ ಚೀಲ ಹೊತ್ತು ನಡೆಯುತ್ತಿದ್ದವನು ಆಗ ಹುಡುಗನಾಗಿದ್ದ ದೇವರಾಜು.

ಅವತ್ತು ರಾತ್ರಿ ಮುದ್ದೆ, ಉಪ್ಸಾರು. ದೇವರಾಜು ಮುದ್ದೆ ಮುರಿಯಲಿಲ್ಲ.

"ಯಾರ್‍ನ ಕೇಳಿ ಕೂಗ್ದೆ ನೀನು?"

"ಕೂಗ್ಲಿಲ್ಲ ಅಪ್ಪ, ರೆಕಾರ್ಡ್ ಮಾಡ್ದೆ."

"ಎರಡೂ ಒಂದೇ."

"ಹಂಗಾದ್ರೆ ನೀನು ದಿನಾ ಮಾಡೋದೂ ಒಂದೇ."

ದೇವಿರಮ್ಮನ ಸೌಟು ಗಾಳಿಯಲ್ಲೇ ನಿಂತಿತು. ಸಾರು ತೊಟ್ಟಿಕ್ಕಿತು.

"ನಂದು ಸರ್ಕಾರಿ ಕೆಲ್ಸ. ಪರೀಕ್ಷೆ ಬರ್ದು, ಪ್ಯಾಂಟ್ ಹಾಕ್ಕಂಡು ಮಾಡೋ ಕೆಲ್ಸ."

"ಪ್ಯಾಂಟು ನಾನೂ ಹಾಕ್ತೀನಿ. ಈಗ ನಿನ್ನ ಕಾರ್ಡ್ ಕೊಡು. ಆ ಸಾಫ್ಟ್‌ವೇರ್ ತಗೋಬೇಕು. ಆ ಹೆಂಗಸಿನ ಬಾಯಿ ಮುಚ್ಚಿಸ್ಬೇಕು."

"ಮೊದ್ಲು ನಿನ್ನ ಬಾಯಿ ಮುಚ್ಚು!"

"ಅದಕ್ಕೆ ಯಾವ ಸಾಫ್ಟ್‌ವೇರೂ ಇಲ್ಲ ಅಪ್ಪ."

"ನೋಡು," ಅಂದ ದೇವರಾಜು, ತಟ್ಟೆ ಪಕ್ಕಕ್ಕೆ ಸರಿಸಿ. "ನಮ್ಮಪ್ಪ ಸಾರಿದ್ದು ಸಾಕು. ಆ ತಮಟೆ ಅಟ್ಟಕ್ಕೆ ಹೋಗ್ಲಿ ಅಂತ್ಲೇ ನಾನು ಓದಿದ್ದು. ನೀನು ಅದಕ್ಕೆ ಕರೆಂಟ್ ಕೊಟ್ಟು ವಾಪಸ್ ಇಳಿಸ್ತೀಯಾ? ನನ್ನ ಕಾರ್ಡಲ್ಲಿ ಆ ಪಾಪ ನಡೆಯಕ್ಕಿಲ್ಲ."

"ನನ್ನೆಸ್ರು ಯಾಕ್ಲಾ ಎಳೀತೀಯ ಊಟದ ಒತ್ನಲ್ಲಿ?" ಅಂದ ಕೆಂಪಸಿದ್ದಯ್ಯ, ಬೆರಳು ನೆಕ್ಕುತ್ತ. "ಉಪ್ಸಾರು ಆರೋಯ್ತದೆ, ಉಣ್ಣು."

ಕಾರ್ಡಿನ ವಿಷಯ ಸುಮ್ಮನೆ ಬಂದದ್ದಲ್ಲ. ಸಾಫ್ಟ್‌ವೇರಿನ ಕಂಪನಿ ಎಲ್ಲೋ ಹೊರದೇಶದ್ದು. ಅದಕ್ಕೆ ನಡೆಯುವ ಕಾರ್ಡು ಮನೆಯಲ್ಲಿ ದೇವರಾಜನದೊಂದೇ, ಒಟಿಪಿ ಬರುವುದೂ ಅವನ ಫೋನಿಗೇ. ಮರುದಿನ ಬೆಳಿಗ್ಗೆ ಹಾಲು ಹಾಕಿ ಬಂದ ದೇವಿರಮ್ಮ, ಗಂಡನ ಕ್ಯಾರಿಯರಿಗೆ ಅನ್ನ ತುಂಬುತ್ತಲೇ ಹೇಳಿದಳು.

"ದುಡ್ಡು ನಾನು ಕೊಡ್ತೀನಿ, ಡೈರೀದು. ನಿಮ್ಮದು ಬರೀ ಬಾಗ್ಲು. ಬಾಗ್ಲು ತೆಗೀರಿ ಸಾಕು."

"ನೀನೂ ಅವಳ ಕಡೀಕಾ?"

"ನಾನು ಹಸಾ ಕಡೀಕೆ. ಆ ಹುಡುಗಿ ಬೇಜಾರಲ್ಲಿ ಹುಲ್ಲೂ ಹಾಕಿಲ್ಲ."

ದೇವರಾಜು ಆ ಬಾಗಿಲು ತೆಗೆಯಲಿಲ್ಲ. ಪ್ರಿಯಾಂಕ ಅಳಲಿಲ್ಲ, ಊಟ ಬಿಡಲಿಲ್ಲ. ಊಟ ಬಿಟ್ಟರೆ ಅಪ್ಪನಿಗೆ ಮುದ್ದೆ ಉಳಿಯುತ್ತದೆ, ಇನ್ನೇನೂ ಆಗುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಅವಳು ಬಿಟ್ಟದ್ದು ತನ್ನ ದನಿಯನ್ನು. ಎರಡನೇ ವಾರ ಪೂರ್ತಿ ಮನೆಯಲ್ಲಿ ಅಪ್ಪನ ದನಿಯಲ್ಲೇ ಮಾತಾಡಿದಳು. ಅದೂ ಬಸ್ ಸ್ಟ್ಯಾಂಡಿನ ದನಿ.

"ಪ್ರಯಾಣಿಕರ ಗಮನಕ್ಕೆ. ಒಲೆಯಿಂದ ಹೊರಟ ಮುದ್ದೆಯು ತಟ್ಟೆ ಸಂಖ್ಯೆ ಒಂದಕ್ಕೆ ಬಂದು ಸೇರಿದೆ. ತಾತನವರು ಕೂಡಲೇ ಹತ್ತಬೇಕಾಗಿ ವಿನಂತಿ."

ಕೆಂಪಸಿದ್ದಯ್ಯ ನಕ್ಕು ನಕ್ಕು ಕೆಮ್ಮಿದ.

"ಹಸುವಿನ ಸೆಗಣಿಯು ಹತ್ತು ನಿಮಿಷ ತಡವಾಗಿ ಹೊರಡಲಿದೆ. ತೊಂದರೆಗಾಗಿ ವಿಷಾದಿಸುತ್ತೇವೆ."

ದೇವಿರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕೊಟ್ಟಿಗೆಗೆ ಓಡಿದಳು. ದೇವರಾಜು ಮಾತ್ರ ಪೇಪರಿನಿಂದ ತಲೆ ಎತ್ತಲಿಲ್ಲ. ಪೇಪರು ತಲೆಕೆಳಗಾಗಿತ್ತು ಅಂತ ಆಮೇಲೆ ದೇವಿರಮ್ಮ ಹೇಳಿದ್ದುಂಟು. ಭಾನುವಾರ ಸ್ನಾನದ ನೀರಿಗೂ ಘೋಷಣೆ ಬಂದಾಗ ತಡೆಯಲಾಗಲಿಲ್ಲ.

"ನನ್ನ ಮನೇಲಿ ನನ್ನ ದನಿ ತೆಗೀಬೇಡ!"

"ನಿನ್ನ ದನಿಯಾ ಅದು?" ಪ್ರಿಯಾಂಕ ಬಹಳ ದಿನದ ಮೇಲೆ ತನ್ನ ದನಿಯಲ್ಲೇ ಕೇಳಿದಳು. "ತಾತ, ನೀನೊಂದ್ಸಲ ಸಾರು."

"ಈಗ ಯಾಕವ್ವ..."

"ಸಾರು ತಾತ."

ಕೆಂಪಸಿದ್ದಯ್ಯ ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿದ. "ಕೇಳ್ರಪ್ಪೋ ಕೇಳಿ! ನಾಳೀಕೆ ನಾಲೇಗೆ ನೀರು ಬುಡ್ತಾರೆ, ಗದ್ದೆ ಇರೋರು ಬದ ನೋಡ್ಕಳಿ!"

ಹಲ್ಲಿಲ್ಲದ ಬಾಯಿ. ಆದರೂ ಆ ಎಳೆತ, "ಕೇಳಿ"ಯ ಮೇಲಿನ ಆ ಒತ್ತು, ಕೊನೆಯಲ್ಲಿ ದನಿ ಇಳಿಸಿ ನಿಲ್ಲುವ ರೀತಿ. ಮಳವಳ್ಳಿ ಸ್ಟ್ಯಾಂಡಿನಲ್ಲಿ ಕೊಳ್ಳೇಗಾಲದ ಬಸ್ಸು ಹೊರಡುವುದು ಹೀಗೇ.

ದೇವರಾಜು ಟವೆಲ್ ಎತ್ತಿಕೊಂಡು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ. ನೀರು ಸುರಿದುಕೊಳ್ಳುವ ಸದ್ದು ಬಹಳ ಹೊತ್ತು ಬರಲಿಲ್ಲ.

ಮೂರನೇ ವಾರ ಚಲುವರಾಜು ಮನೆಗೇ ಬಂದ. ಕಣ್ಣಿನ ಶಿಬಿರದ ಕೋಪ ಇಳಿದಿತ್ತು. ಹುಡುಗಿಯ ಕೆಲಸ ಅವನ ಆಳಿನ ಕೂಗಿಗಿಂತ ಚೆನ್ನಾಗಿದೆ ಅಂತ ನಾಲ್ಕು ಕಡೆಯಿಂದ ಮಾತು ಬಂದಿತ್ತು. ಹೊಸ ಅಂಗಡಿ, ರಸಗೊಬ್ಬರ, ನಾಟಿ ಕೋಳಿ ಹೋಟೆಲು, ಎಲ್ಲರಿಗೂ "ಆ ಹೆಣ್ಣುಡುಗಿ ದನೀನೇ ಬೇಕು."

ದೇವಿರಮ್ಮ ಕುರ್ಚಿ ಹಾಕಿ, ಕಾಫಿ ತಂದಿಟ್ಟಳು.

"ಈಗ ಕುಡ್ಕಂಡ್ ಬಂದೆ ಕಣವ್ವ," ಅಂದ ಚಲುವರಾಜು. ಈ ಬೀದಿಗೆ ಬರುವ ಅವನ ಕಡೆಯವರೆಲ್ಲ ಈಗತಾನೆ ಕುಡಿದುಕೊಂಡೇ ಬರುವವರು. ಊರಲ್ಲಿ ಅಷ್ಟೊಂದು ಕಾಫಿ ಎಲ್ಲಿ ಕಾಯಿಸುತ್ತಾರೋ ಯಾರಿಗೂ ಗೊತ್ತಿಲ್ಲ.

"ಸಾಫ್ಟ್‌ವೇರ್ ನಾನೇ ತಗೊಡ್ತೀನಿ ಮಗ," ಅಂದ ಅವನು. "ನನ್ನ ಅಂಗಡಿ ಕಂಪ್ಯೂಟರಿಗೇ ಹಾಕ್ಸುವ. ಕಾಲೇಜು ಮುಗಿಸ್ಕಂಡು ಬಂದು ಮಾಡ್ಕೊಡು. ರೇಟು ಗೀಟು ಏನೋ ನೋಡ್ಕಳುವ, ನಿಮ್ಮನೆ ನಮ್ಮನೆ ಬೇರೇನಾ? ಹಬ್ಬಕ್ಕೆ ಒಂದ್ ಜೊತೆ ಬಟ್ಟೆ..."

ಪ್ರಿಯಾಂಕ ಗೋಡೆಗೆ ಒರಗಿದ್ದ ತಾತನ ಕಡೆ ತಿರುಗಿದಳು. "ತಾತ, ನಿನ್ನ ತಮಟೆ ಯಾರ್‍ದು?"

"ನಂದೇ ಕಣವ್ವ. ಚರ್ಮ ಅದ ಮಾಡಿ, ಬಳೆಗೆ ಬಿಗ್ದು ನಾನೇ ಮಾಡ್ಕಂಡಿದ್ದು. ರಾಗಿ ಅವರಿಷ್ಟ, ಪಂಚೆ ಅವರಿಷ್ಟ. ತಮಟೆ ಮಾತ್ರ ನಂದು."

"ಕೇಳಿದ್ರಾ ಚಲುವರಾಜಣ್ಣ? ಸಾಫ್ಟ್‌ವೇರೂ ನಂದೇ ಇರ್ತದೆ, ನನ್ನ ಲ್ಯಾಪ್‌ಟಾಪಲ್ಲೇ ಇರ್ತದೆ. ನೀವು ಮಾಡಿಸ್ಕೊಂಡು ಹೋಗಿ. ರೇಟು ಮೊದ್ಲು, ಕೂಗು ಆಮೇಲೆ. ಬಟ್ಟೆ ನಾನೇ ತಗೋತೀನಿ, ನಿಮ್ಮ ಟೇಸ್ಟು ನಂಗಾಗಲ್ಲ."

ಚಲುವರಾಜು ಬಾಯಿ ತೆರೆದ.

"ಇನ್ನೊಂದು. ಕಾಫಿ ಆರ್ತಾ ಐತೆ. ಕುಡುದ್ರೆ ಮಾತು ಮುಂದಕ್ಕೆ. ಇಲ್ಲಾಂದ್ರೆ ನಿಮ್ಮ ಆಳಿಗೆ ಬಿಸಿನೀರು ಉಪ್ಪು ಹಾಕ್ಕಂಡು ಗಂಟ್ಲು ಮುಕ್ಕಳಿಸಕ್ಕೇಳಿ."

ಕೊಟ್ಟಿಗೆಯಲ್ಲಿ ಹಸು ಬಾಲ ಬಡಿಯಿತು. ಚಲುವರಾಜು ಲೋಟ ನೋಡಿದ, ಬಾಗಿಲು ನೋಡಿದ. ಬಾಗಿಲಲ್ಲಿ ಡ್ಯೂಟಿ ಮುಗಿಸಿ ಬಂದ ದೇವರಾಜು ಚಪ್ಪಲಿ ಬಿಡುವುದನ್ನು ಮರೆತು ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

ಚಲುವರಾಜು ಲೋಟ ಎತ್ತಿದ. ಒಂದು ಗುಟುಕು. ಆಮೇಲೆ ಇನ್ನೊಂದು.

"ಸಕ್ಕರೆ ಚೂರು ಜಾಸ್ತಿ ಆಯ್ತು," ಅಂದ, ಮೆತ್ತಗೆ.

"ಮಂಡ್ಯದೋರಿಗೆ ಸಕ್ಕರೆ ಜಾಸ್ತೀನಾ?" ಅಂದಳು ಪ್ರಿಯಾಂಕ. ಚಲುವರಾಜನಿಗೇ ನಗು ಬಂದು ಕಾಫಿ ಮೂಗಿಗೇರಿತು.

ಅವನು ಹೋದಮೇಲೆ ದೇವರಾಜು ಹೆಂಡತಿಯನ್ನು ಒಂದೇ ಮಾತು ಕೇಳಿದ. "ಪೂರ್ತಿ ಕುಡುದ್ನಾ?"

"ತಳ ಕಾಣೋಗಂಟ."

"ಹೂಂ."

ಆ ಹೂಂಕಾರವನ್ನು ಒಪ್ಪಿಗೆ ಅಂದುಕೊಂಡು ಪ್ರಿಯಾಂಕ ಕಾರ್ಡಿಗೆ ಕೈ ಚಾಚಿದಳು. ದೇವರಾಜು ಪರ್ಸನ್ನು ಜೇಬಿನ ಆಳಕ್ಕೆ ತಳ್ಳಿದ.

"ಇಲ್ಲಿ ಸರಿ ಮಗ. ಊರಲ್ಲಿ ಎಲ್ಲಾರ್‍ಗೂ ಗೊತ್ತು. ಸ್ಟ್ಯಾಂಡಲ್ಲಿ ಯಾರಿಗೂ ಗೊತ್ತಿಲ್ಲ. ಅಲ್ಲಿ ನಾನು ಟೀಸಿ, ಅಷ್ಟೇ. ನಾಳೆ ನಿನ್ನ ದನಿ ದಿನಾ ಅಲ್ಲಿ ಓಡಾಡ್ತದೆ. ಒಬ್ಬ ಕೇಳ್ತಾನೆ, ಒಬ್ಬ ಹೇಳ್ತಾನೆ. ನಾಕು ಜನದ ಮುಂದೆ ಸಾರೋರ ಮನೆಯೋನು ಅನ್ನಿಸ್ಕೊಂಡು ಆ ಕಿಟಕೀಲಿ ಹೆಂಗೆ ಕೂತ್ಕಳ್ಳಲಿ?"

"ಅಂದ್ರೆ ಏನಾಯ್ತದೆ ಅಪ್ಪ? ಬಸ್ಸು ನಿಂತೋಯ್ತದಾ?"

"ನಿಂಗೆ ಗೊತ್ತಿಲ್ಲ."

"ನಿಂಗೆ ಗೊತ್ತಾ? ಒಂದ್ಸಲನಾದ್ರೂ ಅನ್ನಿಸ್ಕೊಂಡು ನೋಡಿದ್ಯಾ?"

ಅವನು ಚಪ್ಪಲಿ ಬಿಟ್ಟು ಒಳಗೆ ಹೋದ. ತಿಂಗಳು ಮುಗಿಯುತ್ತ ಬಂತು. ಬಿಟ್ಟಿ ಸಾಫ್ಟ್‌ವೇರು ದಿನಾ ಪರದೆಯ ಮೂಲೆಯಲ್ಲಿ ಕೆಂಪು ಅಕ್ಷರ ತೋರಿಸಿ ಹೆದರಿಸುತ್ತಿತ್ತು. ಬಿಟ್ಟಿಯ ಕೊನೆಯ ದಿನದ ಹಿಂದಿನ ಸಂಜೆ ಪ್ರಿಯಾಂಕ ತಾತನ ಪಕ್ಕ ಕೂತು ಅವರೆಕಾಯಿ ಸುಲಿಯುತ್ತ ಕೇಳಿದಳು.

"ತಾತ, ನಿನ್ನ ಹೆಸರು ಮಳವಳ್ಳೀಲಿ ಹೇಳ್ಬೋದಾ? ಮೈಕಲ್ಲಿ?"

"ಏಳು. ನಾನೇನು ಕದ್ದಿದ್ನಾ?" ಅಂದ ಮುದುಕ. ಒಂದು ಕಾಯಿ ಸುಲಿದು, ಹುಳ ಹಿಡಿದದ್ದನ್ನು ಬಿಸಾಡಿ, ಮತ್ತೆ ಅಂದ: "ಆದ್ರೆ ಬರೀ ಸಿದ್ದ ಅನ್ಬ್ಯಾಡ. ಪೂರ್ತಿ ಏಳು."

ಮರುದಿನ ಹೊತ್ತು ನೆತ್ತಿಗೆ ಬಂದಾಗ ಮಳವಳ್ಳಿ ಸ್ಟ್ಯಾಂಡು ತುಂಬಿತ್ತು. ದೇವರಾಜು ಕೋಣೆಗೆ ಬೀಗ ಹಾಕಿ, ಎದುರಿನ ಮಹದೇವು ಟೀ ಅಂಗಡಿಯಲ್ಲಿ ಲೋಟ ಹಿಡಿದು ನಿಂತಿದ್ದ. ಬನ್ನು ಅದ್ದಿದ. ಬಾಯಿಗಿಡಬೇಕು, ಅಷ್ಟರಲ್ಲಿ ಗಾಳಿಯಲ್ಲಿ ಅವನ ದನಿ ಎದ್ದಿತು.

"ಪ್ರಯಾಣಿಕರ ಗಮನಕ್ಕೆ."

ಬನ್ನು ಟೀಯೊಳಗೆ ಮುಳುಗಿತು.

"ಟೀಸಿ ಸಾರ್," ಅಂದ ಮಹದೇವು, "ನೀವು ಇಲ್ಲಿದ್ದೀರಿ, ಅಲ್ಲೂ ಮಾತಾಡ್ತಾ ಇದ್ದೀರಿ!"

ದೇವರಾಜು ಲೋಟ ಇಟ್ಟು ಓಡಿದ. ಯಾವನೋ ಮೈಕು ಹಿಡಿದಿದ್ದಾನೆ. ಕೋಣೆಯ ಬಾಗಿಲಿಗೆ ಬಂದು ನೋಡಿದರೆ ಹಾಕಿದ ಬೀಗ ಹಾಕಿದಂತೇ ಇದೆ. ಕೀಲಿ ಅವನ ಜೇಬಿನಲ್ಲೇ ಇದೆ. ಕಿಟಕಿಯಲ್ಲಿ ಇಣುಕಿದ, ಮೈಕು ಒಂಟಿಯಾಗಿ ಮೂತಿ ತಗ್ಗಿಸಿ ಕೂತಿದೆ. ದನಿ ಮಾತ್ರ ನಿಲ್ಲಲಿಲ್ಲ.

"ಸಂಚಾರ ನಿಯಂತ್ರಕರಾದ ದೇವರಾಜು ಅವರು ಎಲ್ಲಿದ್ದರೂ ಕೂಡಲೇ ನಿಲ್ದಾಣದ ಹೊರಬಾಗಿಲಿಗೆ ಬರಬೇಕಾಗಿ ವಿನಂತಿ. ಅವರ ಮಗಳು ಒಂದು ತಿಂಗಳಿನಿಂದ ಕಾಯುತ್ತಿದ್ದಾಳೆ."

ಬೆಂಚುಗಳ ಮೇಲೆ ತಲೆಗಳು ತಿರುಗಿದವು. ಅವನು ಕತ್ತು ಎತ್ತಿ ಹುಡುಕಿದ. ಹೊರಬಾಗಿಲ ಆಚೆ, ರಸ್ತೆ ಬದಿಯಲ್ಲಿ ಚಲುವರಾಜನ ಆಟೋ. ಮೇಲೆ ಎರಡು ಹಾರ್ನು. ಒಳಗೆ ಮಗಳು, ತೊಡೆಯ ಮೇಲೆ ಲ್ಯಾಪ್‌ಟಾಪು. ಅದರಿಂದಲೇ ವೈರು ಎಳೆದು ಹಾರ್ನಿಗೆ ಕೊಟ್ಟಿದ್ದಳು, ಇಂಗ್ಲಿಷ್ ಹೆಂಗಸು ಹೊಸಿಲು ದಾಟದ ಹಾಗೆ. ಮಗಳ ದನಿಯನ್ನು ಸಾಫ್ಟ್‌ವೇರು ಇನ್ನಷ್ಟು ತಗ್ಗಿಸಿ, ಅಪ್ಪನ ಗಂಟಲಿಗೆ ಸರಿಯಾಗಿ ಕೂರಿಸಿತ್ತು. ಡ್ರೈವರ್ ಸೀಟಿನಲ್ಲಿದ್ದ ಚಲುವರಾಜನ ಪಕ್ಕದಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಮದುವೆಗೆ ಬಂದವನ ಹಾಗೆ ಕೂತಿದ್ದ ಕೆಂಪಸಿದ್ದಯ್ಯ. ಆ ಮುದುಕ ಈ ಸ್ಟ್ಯಾಂಡಿಗೆ ಬಂದದ್ದು ಇದೇ ಮೊದಲು. ಯಾರೂ ಕರೆದಿರಲಿಲ್ಲ.

"ಪ್ರಯಾಣಿಕರು ಗಮನಿಸಿ. ಈಗ ಕೇಳುತ್ತಿರುವುದು ದೇವರಾಜು ಅವರ ದನಿಯಲ್ಲ. ನೀವು ದಿನಾ ಕೇಳುವ ದೇವರಾಜು ಅವರ ದನಿಯೂ ಅವರ ಸ್ವಂತದ್ದಲ್ಲ. ಅದು ಅವರ ತಂದೆ ಕೆಂಪಸಿದ್ದಯ್ಯನವರದು. ಕೆಂಪಸಿದ್ದಯ್ಯನವರು ನಲವತ್ತು ವರ್ಷ ತಮಟೆ ಹಿಡಿದು ಊರಿಗೆ ಸಾರಿದವರು. ಮೈಕಿಲ್ಲದೆ. ಸಂಬಳವಿಲ್ಲದೆ. ಒಂದು ದಿನವೂ ಯಾವ ಸುದ್ದಿಯನ್ನೂ ತಪ್ಪು ಹೇಳದೆ."

ಹಾರ್ನು ನಿಂತಿತು.

ದೇವರಾಜು ಅಂಗಳದ ನಡುವೆ, ಬಿಸಿಲಿನಲ್ಲಿ ನಿಂತಿದ್ದ. ನಾಕು ಜನ ಅಲ್ಲ, ನಾನೂರು ಜನ. ಕಬ್ಬಿನ ಹಾಲಿನವನು, ಕಂಡಕ್ಟರುಗಳು, ಕಾಲೇಜು ಹುಡುಗರು, ಟೊಮೆಟೊ ಬುಟ್ಟಿಯವರು. ಎಲ್ಲರ ಕಣ್ಣೂ ಅವನ ಮೇಲೆ. ಆಟೋದಲ್ಲಿ ಪ್ರಿಯಾಂಕಳ ಬೆರಳು ಇನ್ನೂ ಕೀಲಿಮಣೆಯ ಮೇಲೇ ಇತ್ತು. ಅಪ್ಪ ಈಗ ಏನು ಮಾಡಿದರೂ ಸರಿ, ಅವಳು ತಲೆ ತಗ್ಗಿಸಲಿಲ್ಲ.

ಗುಂಪಿನಿಂದ ಒಂದು ಅಜ್ಜಿ ಎದ್ದು, ಕಂಕುಳಲ್ಲಿ ಕೋಳಿ ಅವುಚಿಕೊಂಡು ನೆಟ್ಟಗೆ ಅವನ ಬಳಿ ಬಂದಿತು.

"ಅಲ್ಲಿ ಕರೀತಾವ್ರೆ ನಿನ್ನ. ಕಿವಿ ಕೇಳಕಿಲ್ವಾ? ಕೂಸು ಕಾಯ್ತೈತಂತೆ, ಓಗಪ್ಪ."

"ಕರೀತಿರೋನೂ ನಾನೇ ಕಣಜ್ಜಿ," ಅಂದ ದೇವರಾಜು.

"ನೀನೇ ಕರ್ದು ನೀನೇ ಓಗಕಿಲ್ಲ ಅಂದ್ರೆ ಯಾವ ನ್ಯಾಯ್ವಪ್ಪ ಇದು?"

"ಅದಲ್ಲ ಅಜ್ಜಿ..." ಅವನು ಆಟೋದ ಕಡೆ ಬೆರಳು ತೋರಿಸಿದ. "ಈಗ ಹೇಳಿದ್ರಲ್ಲ, ತಮಟೆ ಬಡ್ಕಂಡು ಸಾರ್‍ತಿದ್ದೋರು ಅಂತ. ಅವರು... ಅವರು ನಮ್ಮಪ್ಪ."

ಹೇಳಿಬಿಟ್ಟ. ಕೋಳಿ ಕೂಡ ಅವನ ಮುಖ ನೋಡಿತು.

"ಊಂ, ಕೇಳ್ತಲ್ಲ, ಆಗ್ಲೇ ಏಳಿದ್ರು," ಅಂದಿತು ಅಜ್ಜಿ, ಕೋಳಿಯನ್ನು ಇನ್ನೊಂದು ಕಂಕುಳಿಗೆ ಬದಲಿಸುತ್ತ. "ಅದಿರ್ಲಿ, ಅಲಗೂರ್ ಬಸ್ಸು ಎಷ್ಟೊತ್ಗೆ?"

ದೇವರಾಜು ಅಜ್ಜಿಯನ್ನು ನೋಡಿದ. ಸುತ್ತ ನೋಡಿದ. ಕಂಡಕ್ಟರುಗಳು ಟಿಕೆಟ್ ಹರಿಯುತ್ತಿದ್ದರು. ಹುಡುಗರು ಮೊಬೈಲಿಗೆ ತಲೆ ಬಗ್ಗಿಸಿದ್ದರು. ಹಿಂದಿನಿಂದ ಇನ್ನೊಬ್ಬ, "ಹೌದು ಸಾರ್, ಹಲಗೂರ್‍ದು ಎಷ್ಟೊತ್ತಿಗೆ? ಆಗಿಂದ ಅದೊಂದೇ ಹೇಳ್ಲಿಲ್ಲ ನೀವು!" ಅಂದ.

ಮೊದಲು ದೇವರಾಜನ ಹೊಟ್ಟೆ ಕುಲುಕಿತು. ಆಮೇಲೆ ಭುಜ. ಆಟೋದಲ್ಲಿ ಪ್ರಿಯಾಂಕ ನಗಲೋ ಬೇಡವೋ ಅಂತ ನೋಡುತ್ತಿದ್ದಳು, ಕೆಂಪಸಿದ್ದಯ್ಯ ಬೊಚ್ಚು ಬಾಯಿ ತೆರೆದಿದ್ದ, ಚಲುವರಾಜು ಆಟೋದ ಹ್ಯಾಂಡಲ್ ಬಡಿಯುತ್ತಿದ್ದ, ಮಹದೇವು ಟೀ ಅಂಗಡಿಯಿಂದ ಬಗ್ಗಿ ಬಗ್ಗಿ ನಗುತ್ತಿದ್ದ. ಆದರೆ ಅವರೆಲ್ಲರ ನಗುವನ್ನೂ ಒಂದೇ ಏಟಿಗೆ ಮುಳುಗಿಸಿ, ಪ್ಯಾಂಟಿನ ಜೇಬಿನಿಂದ ಪರ್ಸು ಎಳೆಯುತ್ತ, ಕಾರ್ಡು ಮೇಲೆತ್ತಿ ಹಿಡಿದು ಆಟೋದ ಕಡೆಗೆ ನಡೆಯುತ್ತ, ಮೈಕಿಲ್ಲದೆ, ಇಡೀ ಸ್ಟ್ಯಾಂಡಿಗೆ 'ಕೇಳ್ರಪ್ಪೋ' ಅನ್ನುವ ಹಾಗೆ ನಕ್ಕವನು ದೇವರಾಜು.